ನಮ್ಮ ಮನೆಯವರ ವಾಕಿಂಗು

ನಮ್ಮ ಕಡೆ ರಸ್ತೆಯ ಮೇಲೆ ಒಬ್ಬ ಮನುಷ್ಯ ನಡೆದು ಹೊರಟಿದ್ದರೆ, ಕಂಡವರಿಗೆ ಸುಮ್ಮನಿರಲು ಆಗುವುದಿಲ್ಲ. ಬೈಕಿನವರು ಬೈಕು ನಿಲ್ಲಿಸುತ್ತಾರೆ, ಟ್ರ್ಯಾಕ್ಟರಿನವರು ಟ್ರ್ಯಾಕ್ಟರು ನಿಲ್ಲಿಸುತ್ತಾರೆ. "ಹತ್ತರಿ, ಬಿಡತೇನಿ" ಎನ್ನುತ್ತಾರೆ. ಎಲ್ಲಿಗೆ ಎಂದು ಕೇಳುವುದು ಹತ್ತಿ ಕುಳಿತ ಮೇಲೆ. ನಾನು ಯಲವಿಗಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಬಸ್ಸಿಳಿದು ಶಾಲೆಯ ತನಕ ಪೂರ್ತಿ ನಡೆದು ಹೋದ ದಿನಗಳು ತೀರ ಕಡಿಮೆ. ಹತ್ತಿ ತುಂಬಿದ ಟ್ರೇಲರಿನಲ್ಲಿ ಹೋಗಿದ್ದೇನೆ, ಹಾಲಿನ ಗಾಡಿಯಲ್ಲಿ ಹೋಗಿದ್ದೇನೆ. ಒಮ್ಮೆ ಮದುವೆಯ ಅಡುಗೆ ಸಾಮಾನಿನ ಟೆಂಪೋದಲ್ಲಿ, ಅಲುಗಾಡುತ್ತಿದ್ದ ಒಂದು ದೊಡ್ಡ ಪಾತೇಲಿಯನ್ನು ಎರಡೂ ಕೈಯಿಂದ ಅಪ್ಪಿಕೊಂಡು ಶಾಲೆಯ ಮುಂದೆ ಇಳಿದೆ. ಮಕ್ಕಳು ಅಂದು ಊಟಕ್ಕೆ ಏನೋ ವಿಶೇಷವಿದೆ ಎಂದುಕೊಂಡು ಮಧ್ಯಾಹ್ನದ ತನಕ ಬಹಳ ಶಾಂತವಾಗಿ ಕುಳಿತಿದ್ದವು.

ಇದು ಒಳ್ಳೆಯ ಗುಣ. ಇದರಲ್ಲಿ ಯಾರಿಗೂ ಅನುಮಾನ ಬೇಡ. ಆದರೆ ಇದೇ ಗುಣ ನಮ್ಮ ಮನೆಯವರ ಹೃದಯಕ್ಕೆ ಅಡ್ಡ ಬರಬಹುದು ಎಂದು ನನಗೆ ಗೊತ್ತಿರಲಿಲ್ಲ.

ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ಅಂದಿನಿಂದ ಯಾವ ಮಾತನ್ನೂ ಅವಸರದಲ್ಲಿ ಹೇಳಲು ನನಗೆ ಬರುವುದಿಲ್ಲ. ಚಳಿಗಾಲದ ಒಂದು ಬೆಳಗ್ಗೆ, ಹತ್ತಿಮತ್ತೂರಿನ ನಮ್ಮ ಮನೆಯ ಹಿತ್ತಲಲ್ಲಿ, ನಮ್ಮ ಮನೆಯವರು ಗೋವಿನಜೋಳದ ಚೀಲಗಳ ಬಾಯಿ ಹೊಲಿಯುತ್ತಿದ್ದರು. ಅವರ ಹೆಸರು ರುದ್ರಪ್ಪ. ಹೊಲ ನೋಡಿಕೊಂಡು ಇರುವವರು, ಅರವತ್ತು ದಾಟಿದವರು. ಹೊಲಿಯುತ್ತಿದ್ದ ದಬ್ಬಣವನ್ನು ಚೀಲಕ್ಕೆ ಚುಚ್ಚಿ, ಅದೇ ಚೀಲದ ಮೇಲೆ ಕುಳಿತು, ಗದ್ದ ತಿಕ್ಕಿಕೊಂಡರು. "ಗ್ಯಾಸ್ ಆದಂಗ ಆಗೇತಿ. ಒಂದು ಸೋಡಾ ತರಸು" ಎಂದರು. ನಮ್ಮಲ್ಲಿ ಸೊಂಟದಿಂದ ಗಂಟಲಿನ ತನಕ ಏನಾದರೂ ಅದಕ್ಕೆ ಗ್ಯಾಸ್ ಎಂದೇ ಹೆಸರು. ನಾನು ಸೋಡಾ ತರಿಸಲಿಲ್ಲ. ನಾನು ಶಾಲು ಹೊದ್ದು ನಿಂತಿದ್ದೆ. ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಆ ಬೆವರನ್ನು ನೋಡಿ ಮಗನನ್ನು ಕೂಗಿದೆ. ಸವಣೂರಿನ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಗುಳಿಗೆ ಕೊಟ್ಟು, ಹುಬ್ಬಳ್ಳಿಗೆ ಕಳಿಸಿದರು. ದಾರಿಯಲ್ಲಿ ಅವರು ಒಂದೇ ಮಾತು ಆಡಿದ್ದು: "ದಬ್ಬಣ ಚೀಲದಾಗ ಐತಿ. ಯಾರರ ಹೋಗಿ ಕುಂತಾರು. ತಗಿಯಾಕ ಹೇಳು." ಹುಬ್ಬಳ್ಳಿಯಲ್ಲಿ ರಕ್ತನಾಳದೊಳಗೆ ಒಂದು ಸಣ್ಣ ಜಾಳಿಗೆಯ ಕೊಳವೆ ಕೂಡಿಸಿದರು. ಅವರು ಉಳಿದರು.

ಇಷ್ಟೇ. ಈಗ ಇದನ್ನು ಇಷ್ಟು ಸಾಲಿನಲ್ಲಿ ಹೇಳಬಲ್ಲೆ. ಮೊದಲು ಬಹಳ ದಿನ ಬೆವರಿನ ತನಕ ಬಂದು ನಿಂತುಬಿಡುತ್ತಿದ್ದೆ.

ಮನೆಗೆ ಬಂದ ಮೇಲೆ ಜನ ಮಾತಾಡಿಸಲು ಬರತೊಡಗಿದರು. ಬೇನೆ ಬಿದ್ದವರನ್ನು ಮಾತಾಡಿಸಿ ಹೋಗದಿದ್ದರೆ ನಮ್ಮಲ್ಲಿ ಅದು ಮುಂದೆ ಯಾವುದೋ ಮದುವೆಯ ಪಂಕ್ತಿಯಲ್ಲಿ ಮಾತಾಗಿ ಹೊರಬೀಳುತ್ತದೆ. ಹಾನಗಲ್ಲಿನ ಬೀಗರು ಬಂದರು, ಹಿರೇಕೆರೂರಿನಿಂದ ಮಗಳ ಮನೆಯವರು ಬಂದರು, ಶಿಗ್ಗಾಂವಿಯಿಂದ ಯಾರು ಬಂದರು ಎಂದು ಇನ್ನೂ ನನಗೆ ಖಚಿತವಾಗಿಲ್ಲ. ಎಲ್ಲರ ಕೈಯಲ್ಲೂ ಬ್ರೆಡ್ಡು, ಬಾಳೆಹಣ್ಣು. ಇಷ್ಟು ದೂರ ಬಂದವರಿಗೆ ರೋಗಿ ಮಲಗಿರಬೇಕು ಎಂಬುದು ನನಗೆ ತಿಳಿದದ್ದು ಹಾನಗಲ್ಲಿನ ಬೀಗರಿಂದ. ಅವರು ಬಂದಾಗ ನಮ್ಮವರು ಕಟ್ಟೆಯ ಮೇಲೆ ಕುಳಿತು ಪೇಪರು ಓದುತ್ತಿದ್ದರು. ಬೀಗರ ಮುಖ ಸಣ್ಣದಾಯಿತು. "ಅರಾಮ ಅದೀರಲ್ಲರಿ!" ಎಂದರು, ದೂರು ಹೇಳುವ ದನಿಯಲ್ಲಿ. ಅಂದಿನಿಂದ ಗೇಟು ಸದ್ದು ಮಾಡಿತೆಂದರೆ ನಮ್ಮವರು ಎದ್ದು ಬೇಗ ಬೇಗ ಒಳಗೆ ಹೋಗಿ ಕೌದಿ ಹೊದ್ದು ಮಲಗುವುದು ರೂಢಿಯಾಯಿತು. ಆ ದಿನಗಳಲ್ಲಿ ಅವರು ಮಾಡಿದ ವ್ಯಾಯಾಮವೆಂದರೆ ಅದೊಂದೇ.

ಬಂದವರೆಲ್ಲ ಒಂದೊಂದು ಕತೆ ತಂದಿದ್ದರು. "ಏಳಬ್ಯಾಡ್ರಿ ರುದ್ರಪ್ಪಣ್ಣಾರ. ನಮ್ಮ ಮಾವನೋರು ಹಿಂಗ ಅರಾಮಾತಂತ ಎದ್ದು ಬಚ್ಚಲಕ್ಕ ಹೋದೋರು..." ಎಂದು ಶುರುಮಾಡಿ, ರೋಗಿಯ ಎದುರು ಇದನ್ನು ಮುಗಿಸಬಾರದು ಎಂದು ನೆನಪಾಗಿ ಅಲ್ಲಿಗೇ ನಿಲ್ಲಿಸುತ್ತಿದ್ದರು. ಅವರು ನಿಲ್ಲಿಸಿದ ಕತೆಗಳನ್ನೆಲ್ಲ ನಾನು ಒಬ್ಬಳೇ ಇದ್ದಾಗ ಮುಗಿಸುತ್ತಿದ್ದೆ. ಹೀಗಾಗಿ ಅವರನ್ನು ಏಳಲು ಬಿಡುತ್ತಿರಲಿಲ್ಲ: ನೀರು ಕೈಗೆ, ಟವೆಲು ಕೈಗೆ, ಚಪ್ಪಲಿ ಕಾಲಿಗೆ. ಒಂದು ದಿನ ಕೆಳಗೆ ಬಿದ್ದ ಪೇಪರನ್ನು ಅವರು ಬಗ್ಗಿ ಎತ್ತಿಕೊಂಡರು ಎಂದು ನಾನು ಚೀರಿದ ಚೀರಿಗೆ ಸೊಸೆ ಶೋಭಾ ಅಡುಗೆಮನೆಯಿಂದ ಸೌಟು ಹಿಡಿದು ಓಡಿ ಬಂದಳು. ಪೇಪರು ಎಂದು ತಿಳಿದ ಮೇಲೆ, "ಅತ್ತಿ, ಮಾಂವನೋರಿಗೆ ಎರಡನೇ ಸಲ ಆದ್ರ ನಿಮ್ಮ ದನಿಗೇ ಆಗೋದು" ಎಂದು ಒಳಗೆ ಹೋದಳು.

ಮೊದಲ ತಪಾಸಣೆಗೆ ಹುಬ್ಬಳ್ಳಿಗೆ ಹೋದಾಗ ಡಾಕ್ಟರಬಾಯಿ ಇವರ ನಾಡಿ, ಬಿಪಿ ಎಲ್ಲ ನೋಡಿ, "ಕಾಕಾ, ದಿನಾ ಎಷ್ಟು ಅಡ್ಡಾಡ್ತೀರಿ?" ಎಂದು ಕೇಳಿದರು. ಇವರು ನನ್ನ ಕಡೆ ನೋಡಿದರು. ನಾನು ಹೆಮ್ಮೆಯಿಂದಲೇ ಹೇಳಿದೆ: "ಒಂದು ಹೆಜ್ಜಿ ಇಡಾಕ ಬಿಟ್ಟಿಲ್ಲರಿ. ಭಾಳ ಜ್ವಾಕಿ ಮಾಡೇವ್ರಿ."

"ಜ್ವಾಕಿ ಅಂದ್ರ ಹೆಂಗ್ರಿ ಅಕ್ಕಾರ? ಉಪ್ಪಿನಕಾಯಿ ಭರಣಿಗೆ ಬಟ್ಟಿ ಕಟ್ಟಿ ಇಟ್ಟಂಗ ಇಟ್ಟೀರೇನು?"

ನಮ್ಮವರು ನಕ್ಕರು. ಚೀಲದ ಮೇಲೆ ಕುಳಿತ ಆ ಬೆಳಗ್ಗೆಯ ನಂತರ ಅವರು ನಕ್ಕದ್ದು ಅದೇ ಮೊದಲು. ನನಗೆ ಸಿಟ್ಟು ಬರಬೇಕಾಗಿತ್ತು. ನಗುವಿನ ಕಡೆ ಲಕ್ಷ್ಯ ಹೋಗಿ ಸಿಟ್ಟಾಗುವುದು ಮರೆತೇ ಹೋಯಿತು.

ಆಮೇಲೆ ಡಾಕ್ಟರಬಾಯಿ ನಿಧಾನವಾಗಿ ತಿಳಿಸಿ ಹೇಳಿದರು. ಹೃದಯವೂ ಒಂದು ಸ್ನಾಯು. ಪ್ಲಾಸ್ಟರು ಹಾಕಿಟ್ಟ ಕಾಲು ಹೇಗೆ ಸಣ್ಣಗಾಗುತ್ತದೋ, ಕೆಲಸವಿಲ್ಲದೆ ಕೂರಿಸಿಟ್ಟ ಹೃದಯವೂ ಹಾಗೆಯೇ ಸೋಲುತ್ತದೆ. ಸಮ ನೆಲದ ಮೇಲೆ ಸ್ವಲ್ಪದಿಂದ ಶುರುಮಾಡಬೇಕು, ಬರಬರುತ್ತ ಹೆಚ್ಚಿಸಬೇಕು. ಉಂಡ ಕೂಡಲೇ ಬೇಡ. ನಡೆಯುತ್ತಲೇ ಮಾತಾಡಲು ಬರಬೇಕು. ಮಾತು ತುಂಡಾಗುತ್ತಿದ್ದರೆ ವೇಗ ಹೆಚ್ಚಾಯಿತು ಎಂದು ತಿಳಿಯಬೇಕು. ಎದೆ ಒತ್ತಿದರೆ, ಉಸಿರು ಹಿಡಿದರೆ, ತಲೆ ತಿರುಗಿದರೆ ಅಲ್ಲೇ ನಿಂತು, ಕುಳಿತು, ನಾಲಿಗೆಯ ಕೆಳಗೆ ಗುಳಿಗೆ ಇಟ್ಟುಕೊಂಡು ತಡಮಾಡದೆ ಆಸ್ಪತ್ರೆಗೆ ಬರಬೇಕು. ನಾನು ಒಂದೊಂದನ್ನೂ ತಿರುಗಿ ಕೇಳಿ ಖಾತ್ರಿ ಮಾಡಿಕೊಂಡೆ.

ಊರಿಗೆ ತಿರುಗಿ ಬರುವ ದಾರಿಯಲ್ಲಿ ನಮ್ಮವರಿಗೆ ವಿಷಯ ತಮ್ಮ ಭಾಷೆಯಲ್ಲಿ ತಿಳಿದಿತ್ತು. "ಜಡ್ಡಾಗಿ ಎದ್ದ ಎತ್ತಿಗೆ ಒಮ್ಮಿಗೇ ರಂಟಿ ಹೂಡಿ ಹೊಲ ಉಳತೇವೇನು? ಮೊದಲ ಏನೂ ಹೇರದ ಬರೇ ಗಾಡಿ. ಡಾಕ್ಟರಬಾಯಾರು ನನಗ ಬರೇ ಗಾಡಿ ಹೂಡ್ಯಾರ."

ಮರುದಿನ ಬೆಳಗ್ಗೆ ಬರೇ ಗಾಡಿ ಹೊರಟಿತು. ಹಿರೇಕೆರೂರಿನ ಮಗಳು ಬಿಳಿ ಬೂಟು ಕಳಿಸಿದ್ದಳು. ಧೋತರದ ಕೆಳಗೆ ಆ ಬೂಟುಗಳು ಎರಡು ಮೊಲಗಳ ಹಾಗೆ ಕಾಣುತ್ತಿದ್ದವು. ಕೆರೆಯ ಕಡೆಗೆ ಹೋಗುವ ರಸ್ತೆ ಸಮನಾಗಿದೆ, ನೆರಳಿದೆ. ನಾನು ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದೆ. ಇವರು ಬೇವಿನ ಗಿಡದ ಹತ್ತಿರ ಹೋದರೋ ಇಲ್ಲವೋ, ನಮ್ಮ ಓಣಿಯ ಮೌಲಾಲಿಯ ಬೈಕು ಬಂದು ಪಕ್ಕದಲ್ಲಿ ನಿಂತಿತು. ಮೌಲಾಲಿ ಮನೆಗಳಿಗೆ ಬಣ್ಣ ಬಳಿಯುವವನು, ನಮ್ಮವರೆಂದರೆ ಪ್ರೀತಿ. ಎರಡು ಮಾತು ಆಯಿತು. ಇವರು ಧೋತರ ಎತ್ತಿಕೊಂಡು ಬೈಕು ಹತ್ತಿದರು. ಬಿಳಿ ಬೂಟುಗಳು ಗಾಳಿಯಲ್ಲಿ ಹೋದವು.

ಬಹಳ ಹೊತ್ತಿನ ಮೇಲೆ ಇನ್ನೊಬ್ಬರ ಬೈಕಿನಲ್ಲಿ ತಿರುಗಿ ಬಂದರು. ಬಸ್ ಸ್ಟ್ಯಾಂಡಿನಲ್ಲಿ ಚಹಾ ಆಗಿತ್ತು, ಬಾಯಿಂದ ಮೆಣಸಿನಕಾಯಿ ಬಜಿಯ ವಾಸನೆಯೂ ಬರುತ್ತಿತ್ತು.

"ನಡಿಯಾಕ ಹೋಗಿದ್ರಿ ನೀವು" ಎಂದೆ.

"ಏನ್ ಮಾಡಲಿ? ಗಾಡಿ ನಿಂದರಿಸಿ ಹತ್ತರಿ ಅಂದ. ಒಲ್ಲೆ ಅಂದ್ರ ಮಂದಿ ಏನ್ ತಿಳಕೋತಾರ?"

ಎರಡನೆಯ ದಿನ ಒಲ್ಲೆ ಎಂದರು. ಮೌಲಾಲಿ ಅಂದು ಸಂಜೆ ನಮ್ಮ ಮನೆಗೆ ಬಂದು ಬಾಗಿಲಲ್ಲಿ ನಿಂತ. "ಚಿಗವ್ವಾ, ನನ್ನಿಂದ ಏನರ ತಪ್ಪಾಗೇತೇನು? ಕಾಕಾ ಇವತ್ತ ನನ್ನ ಗಾಡಿ ಹತ್ತಲಿಲ್ಲ." ಡಾಕ್ಟರು ನಡೆಯಲು ಹೇಳಿದ್ದಾರೆ ಎಂದು ತಿಳಿಸಿದೆ. ಅವನಿಗೆ ಗಾಬರಿಯಾಯಿತು. "ಹಾರ್ಟ್ ಆದವರಿಗೆ ನಡಿಯಾಕ ಹೇಳ್ಯಾರ? ಬ್ಯಾರೆ ಡಾಕ್ಟರಿಗೆ ತೋರಸರಿ." ಸುದ್ದಿ ಊರಲ್ಲಿ ಹರಡಿತು. ಆಮೇಲಂತೂ ಮೊದಲು ಸುಮ್ಮನೆ ಹೋಗುತ್ತಿದ್ದವರೂ ನಿಲ್ಲತೊಡಗಿದರು. ಹೃದಯದ ಬೇನೆಯ ಮನುಷ್ಯ ಬಿಸಿಲಲ್ಲಿ ನಡೆದು ಹೊರಟಿದ್ದಾನೆ, ನೋಡಿ ಹೇಗೆ ಬಿಟ್ಟು ಹೋಗುವುದು? ಕಬ್ಬಿನ ಲಾರಿಯೊಂದು ಇವರಿಗಾಗಿ ನಿಂತು, ಹಿಂದೆ ಬಸ್ಸು ನಿಂತು, ಬಸ್ಸಿನ ಕಂಡಕ್ಟರು ಇಳಿದು ಬಂದು ಇವರನ್ನು ಲಾರಿ ಹತ್ತಿಸಲು ಕೈ ಕೊಟ್ಟನಂತೆ.

ನಾನೂ ಜೊತೆಗೆ ಹೋದರೆ ಸರಿಹೋಗಬಹುದು ಎಂದುಕೊಂಡೆ. ಅದು ಇನ್ನೂ ಕೆಟ್ಟಿತು. ವಯಸ್ಸಾದ ಗಂಡ ಹೆಂಡತಿ ಇಬ್ಬರೂ ಮುಂಜಾನೆ ಬರಿಗೈಯಲ್ಲಿ, ಚೀಲವಿಲ್ಲ, ಬುತ್ತಿಯಿಲ್ಲ, ಬೇಗ ಬೇಗ ನಡೆದು ಹೊರಟರೆ ನಮ್ಮಲ್ಲಿ ಅದಕ್ಕೆ ಒಂದೇ ಅರ್ಥ. ಎದುರಿಗೆ ಬಂದ ಹೆಣ್ಣುಮಗಳು ತಲೆಯ ಮೇಲಿನ ಹುಲ್ಲಿನ ಹೊರೆಯನ್ನೇ ಇಳಿಸಿ, "ಯವ್ವಾ, ಯಾರು ತೀರಿ ಹ್ವಾದ್ರಬೇ?" ಎಂದು ಕೇಳಿಬಿಟ್ಟಳು.

ಯೋಚಿಸಿದರೆ ತಪ್ಪು ಯಾರದೂ ಅಲ್ಲ. ನಡೆಯುವುದು ನಮಗೆ ಹೊಸದಲ್ಲ. ನಮ್ಮ ಹಿರಿಯರು ನಡೆದೇ ಶ್ರೀಶೈಲಕ್ಕೆ ಹೋಗುತ್ತಿದ್ದರು. ಈಗಲೂ ಬೇಸಿಗೆಯಲ್ಲಿ ಹೆಗಲಿಗೆ ಹರಕೆಯ ಕಂಬಿ ಹೊತ್ತು ಅಲ್ಲಿಗೆ ನಡೆದು ಹೋಗುವವರಿದ್ದಾರೆ. ಮನೆಯಿಂದ ಮನೆಗೆ ಸುತ್ತುವ ಜಂಗಮರಿಗೆ ನಡೆಯುವುದೇ ವ್ರತವಾಗಿತ್ತು. ನಮ್ಮ ಮನೆಗೆ ಬರುವ ಅಯ್ಯನವರು ಮಾತ್ರ ಈಗ ಸ್ಕೂಟರಿನಲ್ಲಿ ಬರುತ್ತಾರೆ. ಸವಣೂರಿನ ನವಾಬರು ನಡೆದಾಡಿದರೆಂದು ನಾನು ಎಲ್ಲೂ ಓದಿಲ್ಲ, ಅವರ ಮಾತು ಬಿಡಿ. ಆದರೆ ನಡೆದವರೆಲ್ಲ ಎಲ್ಲಿಗಾದರೂ ಹೋಗುತ್ತಿದ್ದರು, ಏನನ್ನಾದರೂ ತರುತ್ತಿದ್ದರು. ಹೋಗಿ, ಏನನ್ನೂ ಮಾಡದೆ, ಹೋದ ದಾರಿಯಲ್ಲೇ ತಿರುಗಿ ಬರುವುದಕ್ಕಾಗಿ ಹೋಗುವುದು ಎಂಬುದು ನಮ್ಮ ಊರಿನ ರಸ್ತೆಗೆ ತಿಳಿಯದ ವಿಷಯ. ಒಂದು ಭಾನುವಾರ ಮಗ ಇವರನ್ನು ಗೊಟಗೋಡಿಯ ಶಿಲ್ಪಗಳ ತೋಟಕ್ಕೆ ಕರೆದುಕೊಂಡು ಹೋದ. ಅಲ್ಲಿ ಟಿಕೀಟು ತೆಗೆಸಿದ್ದರಿಂದ ನಡೆಯಲು ಹಕ್ಕು ಬಂತು. ರಾಶಿ ಮಾಡುವ, ಬೀಸುವ, ಕುಟ್ಟುವ ಗೊಂಬೆಗಳ ನಡುವೆ ಇವರು ಯಾರ ಕಾಟವೂ ಇಲ್ಲದೆ ಬಿಳಿ ಬೂಟು ಹಾಕಿಕೊಂಡು ಅಡ್ಡಾಡಿದರು. "ಇಲ್ಲಿ ಮಂದಿ ಛಲೋ ಅದಾರ. ಯಾರೂ ಹತ್ತರಿ ಅನ್ನಂಗಿಲ್ಲ" ಎಂದರು. ದಿನಾಲೂ ಗೊಟಗೋಡಿಗೆ ಹೋಗಲು ಆಗುತ್ತದೆಯೇ? ಮರುದಿನದಿಂದ ಮತ್ತೆ ಕಟ್ಟೆ, ಕಟ್ಟೆಯ ಮೇಲೆ ಕುರ್ಚಿ.

ಆ ಕುರ್ಚಿಯಲ್ಲಿ ಅವರು ಕುಳಿತಿರುವುದನ್ನು ನೋಡಿ ನನಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು ಎಂಬುದನ್ನೂ ಹೇಳಬೇಕು. ಕಣ್ಣೆದುರಿಗೆ ಇದ್ದಾರಲ್ಲ. ಆದರೆ ಅವರ ಕಾಲುಗಳು ಸಣ್ಣಗಾಗುತ್ತಿದ್ದವು. ಹಿತ್ತಲಿಗೆ ಹೋಗಿ ಬಂದರೆ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದರು. ಹೊಲದ ಮಾತು ಆಡುವುದನ್ನೇ ಬಿಟ್ಟರು.

ದಾರಿ ತೋರಿಸಿದ್ದು ನಮ್ಮ ಎಮ್ಮೆ. ಒಂದು ದಿನ ಅದರ ಕಿವಿಯ ಹತ್ತಿರ ಗಾಯವಾಗಿತ್ತು. ಮಗ ಅಂಗಡಿಗೆ ಹೋಗಿದ್ದ. ಕೆರೆಯ ಆಚೆ ಇರುವ ಪಶು ದವಾಖಾನೆಗೆ ನಮ್ಮವರೇ ಹಗ್ಗ ಹಿಡಿದು ಹೊರಟುಬಿಟ್ಟರು. ನಾನು ಬೇಡ ಎನ್ನುವಷ್ಟರಲ್ಲಿ ಗೇಟು ದಾಟಿದ್ದರು. ವಯಸ್ಸಾದ ಎಮ್ಮೆ, ಎಳೆಯುವುದಲ್ಲ, ಓಡುವುದಲ್ಲ. ಆದರೂ ಅವರು ಬರುವ ತನಕ ನಾನು ಕಟ್ಟೆಯಿಂದ ಇಳಿಯಲಿಲ್ಲ. ಬಂದಾಗ ಅವರ ಮುಖ ಹೊಳೆಯುತ್ತಿತ್ತು.

"ಯಾರೂ ನಿಂದರಲಿಲ್ಲ!" ಎಂದರು. "ಮೌಲಾಲಿ ಬಂದ, ಎಮ್ಮಿ ಹೊಡಕೊಂಡ ಹೊಂಟ್ರೇನು ಕಾಕಾ ಅಂದ, ಹೋದ. ಟ್ರ್ಯಾಕ್ಟರ್ ಬಂತು, ಹಾರನ್ ಹೊಡೀತು, ಹೋತು. ಎಮ್ಮಿಗೆ ಯಾರು ಹತ್ತು ಅಂತಾರ?"

ಎಮ್ಮೆಯ ಹಿಂದಿರುವ ಮನುಷ್ಯನಿಗೆ ಕೆಲಸವಿದೆ. ಕೆಲಸವಿರುವವನ ಮೇಲೆ ಯಾರಿಗೂ ಕನಿಕರವಿಲ್ಲ. ಮರುದಿನದಿಂದ ಎಮ್ಮೆಗೆ ಗಾಯವಿರಲಿ ಬಿಡಲಿ, ಬೆಳಗ್ಗೆ ಕೆರೆಯ ತನಕ ಹೋಗಿ ಬರುವುದು ನಿಗದಿಯಾಯಿತು. ಎಮ್ಮೆಗೆ ಮೊದಮೊದಲು ಇದು ಅರ್ಥವಾಗಲಿಲ್ಲ. ಕೆರೆಯ ಹತ್ತಿರ ಹೋದ ಮೇಲೆ ನೀರಿಗೆ ಇಳಿಯಲು ಬಿಡದೆ ತಿರುಗಿಸಿದರೆ ಅದು ಬಹಳ ಹೊತ್ತು ಇವರ ಮುಖವನ್ನೇ ನೋಡುತ್ತ ನಿಲ್ಲುತ್ತಿತ್ತು. "ಮಾಂವನೋರ ಹಾರ್ಟ್ ಸುಧಾರಸೂದ್ರಾಗ ಎಮ್ಮಿ ಹಾಲು ಬತ್ತತಾವ ನೋಡ್ರಿ" ಎಂದು ಶೋಭಾ ಹಂಗಿಸಿದಳು. ಹಾಲು ಬತ್ತಲಿಲ್ಲ. ಎಮ್ಮೆಯೂ ಸ್ವಲ್ಪ ಗೆಲುವಾಯಿತು ಎಂದು ನನಗೆ ಅನ್ನಿಸಿದೆ. ಆದರೆ ಅದನ್ನು ಅಳೆದು ನೋಡಿದವರಿಲ್ಲ.

ನಾನು ಹಿಂದೆ ಹೋಗುತ್ತಿದ್ದೆ. ಮುಂದೆ ಎಮ್ಮೆ, ನಡುವೆ ಅವರು, ಹಿಂದೆ ಗುಳಿಗೆಯ ಡಬ್ಬಿ ಮತ್ತು ನೀರಿನ ಬಾಟಲಿ ಹಿಡಿದ ನಾನು. ಎಮ್ಮೆ ಜೊತೆಗಿದ್ದುದರಿಂದ ಯಾರು ಹೋದರು ಎಂದು ಈಗ ಯಾರೂ ಕೇಳುತ್ತಿರಲಿಲ್ಲ. ನಡೆಯುವಾಗ ಮಾತಾಡಲು ಬರಬೇಕು ಎಂದು ಡಾಕ್ಟರು ಹೇಳಿದ್ದರಲ್ಲ, ಇಷ್ಟು ವರ್ಷದ ಸಂಸಾರದ ನಂತರ ನಮ್ಮಿಬ್ಬರಲ್ಲಿ ಮಾತು ಅಷ್ಟಾಗಿ ಉಳಿದಿರಲಿಲ್ಲ. ಅವರು ಎಮ್ಮೆಯ ಜೊತೆ ಮಾತಾಡತೊಡಗಿದರು. ಮಾತು ತುಂಡಾಗುತ್ತದೆಯೇ ಎಂದು ನಾನು ಹಿಂದಿನಿಂದ ಕಿವಿಗೊಟ್ಟು ಕೇಳುತ್ತಿದ್ದೆ. ಮಳೆಯ ಮಾತು, ಗೊಬ್ಬರದ ಮಾತು, ಹಾನಗಲ್ಲಿನ ಬೀಗರ ಮಾತು. ಒಂದು ಮುಂಜಾನೆ ಅವರು ಅದಕ್ಕೆ ಹೇಳಿದ್ದು ಕೇಳಿಸಿತು: "ಅವತ್ತ ಭಾಳ ಹೆದರಿಕಿ ಆತು ನೋಡು. ಆ ಗಾಡ್ಯಾಗ. ಇಕೀ ಮುಂದ ಹೆಂಗ ಹೇಳಲಿ, ಇಕೀನ ಮೊದಲ ಹೆದರ್ಯಾಳ."

ಮಾತು ಎಲ್ಲೂ ತುಂಡಾಗಲಿಲ್ಲ. ಎಮ್ಮೆ ಬಾಲದಿಂದ ನೊಣ ಹೊಡೆದುಕೊಂಡಿತು. ನಾನು ಸ್ವಲ್ಪ ಹಿಂದೆ ಉಳಿದೆ.

ಎರಡನೆಯ ತಪಾಸಣೆಯಲ್ಲಿ ಇವರನ್ನು ಓಡುವ ಪಟ್ಟಿಯ ಯಂತ್ರದ ಮೇಲೆ ನಡೆಸಿ ನೋಡಿದರು. ಡಾಕ್ಟರಬಾಯಿಗೆ ಸಂತೋಷವಾಯಿತು. ದಿನಾ ಎಷ್ಟು ದೂರ, ಎಷ್ಟು ಹೊತ್ತು ಎಂದು ಕೇಳಿ ತಿಳಿದುಕೊಂಡರು. "ಛಲೋ ಸುಧಾರಿಸೀರಿ ಕಾಕಾ. ಇನ್ನ ಸ್ವಲ್ಪ ಜೋರಾಗಿ ನಡೀರಿ, ನಿಮ್ಮ ಹೃದಯ ತಯಾರೈತಿ. ಇಷ್ಟು ಸಾವಕಾಶ ಯಾಕ ನಡೀತೀರಿ?"

"ಮುಂದ ಎಮ್ಮಿ ಐತ್ರಿ, ಹಿಂದ ಇಕೀ ಅದಾಳ್ರಿ" ಎಂದರು ಇವರು. "ಇಬ್ಬರಿಗೂ ಮಣಕಾಲು ನೋವು."

ಡಾಕ್ಟರಬಾಯಿ ನಗು ತಡೆದುಕೊಂಡು ನನ್ನ ಕಡೆ ತಿರುಗಿದರು. "ಅಕ್ಕಾರ, ನೀವು, ಎಮ್ಮಿ, ಇಬ್ಬರೂ ಮನ್ಯಾಗ ಉಳೀರಿ."

ನನ್ನ ಮಂಡಿ ನೋಯುತ್ತದೆ ನಿಜ. ಅವರು ನನಗಾಗಿ ಹೆಜ್ಜೆ ಸಣ್ಣದು ಮಾಡಿಕೊಂಡು ನಡೆಯುತ್ತಿದ್ದರು ಎಂಬುದು ನನಗೆ ಅಲ್ಲಿಯ ತನಕ ಹೊಳೆದಿರಲಿಲ್ಲ. ನಾನು ಅವರನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ; ಅವರು ನನ್ನನ್ನು ಕಾಯುತ್ತ ನಡೆಯುತ್ತಿದ್ದರು. ಗುಳಿಗೆಯ ಡಬ್ಬಿಯನ್ನು ಅವರ ಅಂಗಿಯ ಜೇಬಿಗೆ ಹಾಕುವುದು ಸುಲಭದ ಕೆಲಸ. ಆದರೂ ಅವರೊಬ್ಬರನ್ನೇ ಕಳಿಸಲಾರದೆ ನಾನು ಒಂದು ದಿನ ಮೋಡ ಎಂದೆ, ಒಂದು ದಿನ ಅಮಾವಾಸ್ಯೆ ಎಂದೆ, ಒಂದು ದಿನ ನಾಯಿ ಬಹಳವಾಗಿವೆ ಎಂದೆ. ಕೆರೆಯ ಏರಿಯ ಹತ್ತಿರ ರಸ್ತೆ ತಿರುಗುತ್ತದೆ. ಅಲ್ಲಿಂದಾಚೆ ನಮ್ಮ ಕಟ್ಟೆಯಿಂದ ಏನೂ ಕಾಣುವುದಿಲ್ಲ. ನನಗೆ ಹೆದರಿಕೆ ಇದ್ದದ್ದು ಆ ತಿರುವಿನ ಆಚೆಗೆ.

ಒಂದು ಮುಂಜಾನೆ ಅವರು ಕೇಳಲಿಲ್ಲ. ಬೂಟು ಹಾಕಿಕೊಂಡರು, ಜೇಬು ಮುಟ್ಟಿ ಗುಳಿಗೆ ಇದೆ ಎಂದು ತೋರಿಸಿದರು, ಹೊರಟರು. ಎಮ್ಮೆ ಕಟ್ಟಿದಲ್ಲಿಂದಲೇ ಕೂಗಿತು. ಬೇವಿನ ಗಿಡದ ಹತ್ತಿರ ಮೌಲಾಲಿಯ ಬೈಕು ನಿಧಾನವಾಯಿತು. ನಾನು ಸೆರಗು ಬಿಗಿಯಾಗಿ ಹಿಡಿದುಕೊಂಡೆ. ಈಗ ಹತ್ತಿಸಿಕೊಂಡು ಹೋದರೆ ಒಳ್ಳೆಯದು ಎಂದು ನನ್ನ ಮನಸ್ಸಿಗೆ ಬಂತು, ಸುಳ್ಳು ಹೇಳುವುದಿಲ್ಲ. ಮೌಲಾಲಿ ಇಂಜಿನು ಬಂದ್ ಮಾಡಿದ. ಇಳಿದ. ಬಣ್ಣದ ಡಬ್ಬಿ ನೇತುಹಾಕಿದ್ದ ಆ ಬೈಕನ್ನು ನೂಕುತ್ತ ಇವರ ಪಕ್ಕದಲ್ಲಿ ನಡೆಯತೊಡಗಿದ. ಏನೋ ಮಾತಾಡಿಕೊಳ್ಳುತ್ತಿದ್ದರು. ತಿರುವು ಬರುವ ಮೊದಲು ಅವನು ಮತ್ತೆ ಬೈಕು ಹತ್ತಿ ಹೋದ. ಅವನಿಗೆ ಕೆಲಸಕ್ಕೆ ತಡವಾಗಿರಬೇಕು. ಇವರು ಕೈ ಬೀಸುತ್ತ ನಡೆದು, ಏರಿಯ ಹತ್ತಿರ ತಿರುಗಿ, ಕಾಣದಾದರು.

"ಅತ್ತಿ, ಒಳಗ ಬರ್ರಿ" ಎಂದಳು ಶೋಭಾ. "ನೀವು ಕಣ್ಣು ಬಿಟ್ಟು ನೋಡಿದ್ರ ಅವರ ಕಾಲಿಗೆ ಎಣ್ಣಿ ಹಚ್ಚಿದಂಗ ಆಗ್ತೈತೇನು?"

ಒಳಗೆ ಹೋದೆ. ಅವಳು ಬಿಸಿ ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲೆ ಜೋಳದ ರೊಟ್ಟಿ ಉಬ್ಬುವ ವಾಸನೆ ಬಂತು. ಆ ವಾಸನೆ ದಿನಾಲೂ ಬರುತ್ತಿದ್ದಿರಬೇಕು. ಅಷ್ಟು ತಿಂಗಳು ನನಗೆ ಗೊತ್ತೇ ಆಗಿರಲಿಲ್ಲ. ಅವರು ಕಣ್ಣಿಗೆ ಕಾಣದಿದ್ದಾಗ ನಾನು ತಾಟಿನ ಮುಂದೆ ಕುಳಿತವಳೇ ಅಲ್ಲ. ಶೋಭಾ ತಾಟು ಇಟ್ಟಳು, ಬದನೆಕಾಯಿ ಎಣ್ಣೆಗಾಯಿ ಹಾಕಿದಳು. ನಾನು ಒಂದು ತುತ್ತು ಮುರಿದೆ. ಶೇಂಗಾ ಚಟ್ನಿಗೆ ಮೊಸರು ಹಾಕಿಕೊಂಡೆ. ಆಮೇಲೆ ತುಸು ಬೆಣ್ಣೆ ಕೇಳಿದೆ.

ಅಂಗಳದಲ್ಲಿ ಬೂಟಿನ ಸದ್ದಾಯಿತು. ನಮ್ಮವರು ಬಾಗಿಲಲ್ಲಿ ನಿಂತು ನನ್ನ ತಾಟು ನೋಡಿದರು, ಆಮೇಲೆ ರೊಟ್ಟಿಯ ಬುಟ್ಟಿ ನೋಡಿದರು. ಬುಟ್ಟಿಯಲ್ಲಿ ಬಟ್ಟೆ ಮಾತ್ರ ಇತ್ತು.

"ನಂದೂ ಉಂಡೀಯೇನ?" ಎಂದರು.

ಶೋಭಾ ನಗುತ್ತ ಹಿಟ್ಟಿನ ಡಬ್ಬಿಗೆ ಕೈ ಹಾಕಿದಳು. "ಹಿಟ್ಟು ಈಗ ನಾದಬೇಕ್ರಿ ಮಾಂವನೋರ. ಸ್ವಲ್ಪ ತಡ ಆಕ್ಕೈತಿ."

"ಹಂಗಾರ ಅಲ್ಲೀತನಕ ಇನ್ನೊಂದು ಸುತ್ತು ಹೋಗಿ ಬರತೇನಿ" ಎಂದು ಅವರು ನನ್ನ ಮುಖ ನೋಡಿದರು.

ನನ್ನ ಬಾಯಿ ತುಂಬ ರೊಟ್ಟಿ ಇತ್ತು. ಎಡಗೈ ಬೀಸಿ, ಹೋಗಿ ಬರ್ರಿ ಎಂದು ಸನ್ನೆ ಮಾಡಿದೆ.